ಕಾರ್ನಿವಲ್ ಗ್ಲಾಸ್ ಯಾರದ್ದು? ಬಟ್ಟಲನ್ನು ತಿರುಗಿಸಿ ನೋಡಿ

ನಾನಿರುವುದು ಅಮೆರಿಕದ ಒಹಾಯೋದಲ್ಲಿ. ಇಲ್ಲಿ ಹಳೇ ಸಾಮಾನಿನ ಅಂಗಡಿಗೆ ಹೋದರೆ ಕಾರ್ನಿವಲ್ ಗ್ಲಾಸ್ ಕಂಡೇ ಕಾಣುತ್ತದೆ. ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ ಮಿರುಗುವ ಬಟ್ಟಲು, ತಟ್ಟೆ, ಹೂದಾನಿಗಳು. ಬಿಸಿ ಗಾಜಿನ ಮೇಲೆ ಲೋಹದ ಲವಣ ಸಿಂಪಡಿಸಿದಾಗ ಬರುವ ಮಿರುಗು ಅದು. 1907ರ ಹೊತ್ತಿಗೆ ಫೆಂಟನ್ ಕಂಪನಿ ಶುರುಮಾಡಿತು, ಬೇಗನೇ ವೀಲಿಂಗ್‌ನ ನಾರ್ತ್‌ವುಡ್, ಬೆಲ್ಲೇರ್‌ನ ಇಂಪೀರಿಯಲ್, ಮಿಲ್ಲರ್ಸ್‌ಬರ್ಗ್ ಎಲ್ಲರೂ ಮಾಡತೊಡಗಿದರು.

ತುಂಬ ಜನ ಪಾತ್ರೆಯ ಮೇಲೆ ತಯಾರಿಸಿದ ಕಂಪನಿಯ ಗುರುತು ಹುಡುಕುತ್ತಾರೆ, ಸಿಗದಿದ್ದರೆ ಸುಮ್ನೆ ವಾಪಸ್ ಇಡುತ್ತಾರೆ. ನಾನು ಗುರುತನ್ನು ಕೊನೆಗೆ ನೋಡುತ್ತೇನೆ. ಯಾಕೆಂದರೆ ಫೆಂಟನ್ ತನ್ನ ಕಾರ್ನಿವಲ್ ಗ್ಲಾಸ್ ಮೇಲೆ ಹೆಸರು ಹಾಕತೊಡಗಿದ್ದೇ 1970ರಲ್ಲಿ, ಅಂದರೆ ಮೊಟ್ಟೆಯಾಕಾರದ ಗೆರೆಯೊಳಗೆ ಫೆಂಟನ್ ಅಂತ ಕಂಡರೆ ಅದು ಹಳೇ ಕಾಲದ್ದಲ್ಲ. ಇಂಪೀರಿಯಲ್‌ನ ಒಂದರ ಮೇಲೊಂದು ಬರೆದ ಐ ಮತ್ತು ಜಿ ಕೂಡ 1951ರ ನಂತರದ್ದು. ನಾರ್ತ್‌ವುಡ್‌ನ ಗುರುತು ವೃತ್ತದೊಳಗೆ ಅಡಿಗೆರೆ ಎಳೆದ ಎನ್ ಅಕ್ಷರ. ಅದು ಹಳೆಯದೇ, ಆದರೆ ಎಲ್ಲ ಪಾತ್ರೆಗಳ ಮೇಲೂ ಇಲ್ಲ. ಆ ಎನ್‌ಗೆ ಒಂದು ಗೆರೆ ಜಾಸ್ತಿ ಇದ್ದು ಡಬ್ಲ್ಯೂ ಥರ ಕಂಡರೆ, ಅದು ಆಮೇಲೆ ಬಂದ ನಕಲು.

ನಿಜವಾದ ಸುಳಿವು ಇರುವುದು ಹಿಂಭಾಗದಲ್ಲಿ. ಒಳಗಿನ ಚಿತ್ತಾರವನ್ನು ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡುತ್ತಿದ್ದರು. ನವಿಲು ಮತ್ತು ಹೂಜಿ ಇರುವ 'ಪೀಕಾಕ್ ಅಂಡ್ ಅರ್ನ್' ಬಟ್ಟಲನ್ನೇ ತಗೊಳ್ಳಿ, ಫೆಂಟನ್, ನಾರ್ತ್‌ವುಡ್, ಮಿಲ್ಲರ್ಸ್‌ಬರ್ಗ್ ಮೂವರೂ ಮಾಡಿದ್ದಾರೆ. ಎದುರಿನಿಂದ ನೋಡಿದರೆ ಗೊಂದಲವಾಗುತ್ತದೆ ಅಲ್ವಾ? ತಿರುಗಿಸಿ. ಕೂದಲಿನಂಥ ಎಳೆಗಳಿರುವ ಹಣ್ಣಿನ ಬಳ್ಳಿ ಇದ್ದರೆ ಫೆಂಟನ್, ಅದಕ್ಕೆ ಬಿಯರ್ಡೆಡ್ ಬೆರ್ರಿ ಅಂತಲೇ ಹೆಸರು. ದ್ರಾಕ್ಷಿ ಗೊಂಚಲಿನ 'ಗ್ರೇಪ್ ಅಂಡ್ ಕೇಬಲ್' ಬಟ್ಟಲಿನ ಹಿಂದೆ ಬುಟ್ಟಿ ಹೆಣಿಗೆ ಕಂಡರೆ ನಾನು ನಾರ್ತ್‌ವುಡ್ ಅನ್ನುತ್ತೇನೆ.

ಆಮೇಲೆ ತಳವನ್ನು ಬೆಳಕಿಗೆ ಹಿಡಿಯುತ್ತೇನೆ. ಗಾಜಿನ ಅಸಲಿ ಬಣ್ಣ ಗೊತ್ತಾಗುವುದು ಅಲ್ಲೇ. ಕಿತ್ತಳೆ ಬಣ್ಣ ಮಿರುಗುವ ಮ್ಯಾರಿಗೋಲ್ಡ್‌ನಲ್ಲಿ ಒಳಗಿನ ಗಾಜು ಬಣ್ಣವಿಲ್ಲದ್ದು. ಗಾಜೇ ಕೆಂಪಾಗಿದ್ದರೆ ಹೆಚ್ಚಾಗಿ ಅದು 1920ರ ದಶಕದ ಫೆಂಟನ್. ಮಿರುಗು ಕನ್ನಡಿಯಷ್ಟು ನುಣುಪಾಗಿ ಹೊಳೆದರೆ ಮಿಲ್ಲರ್ಸ್‌ಬರ್ಗ್ ಇರಬಹುದು ಅಂತ ನನ್ನ ಮನಸ್ಸು ಅತ್ತ ಓಡುತ್ತದೆ.

ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ನಮ್ಮ ಉತ್ತರ ಪ್ರದೇಶದ ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್ ಮಾಡಿದ ತೆಳ್ಳನೆ ಕಾರ್ನಿವಲ್ ಗ್ಲಾಸ್ ಲೋಟಗಳು. ಇಲ್ಲಿನ ಸಂಗ್ರಾಹಕರೂ ಆಸೆಯಿಂದ ಕೊಳ್ಳುತ್ತಾರೆ. ಮೀನು, ಆನೆ, ಕೈ ಆಕಾರದ ಹೂದಾನಿಗಳನ್ನೂ ಜೈನ್ ಕಂಪನಿಯವರು ಮಾಡಿದ್ದರು. ಕೆಲವು ಲೋಟಗಳಲ್ಲಿ ಜೈನ್ ಅಂತ ಇಂಗ್ಲಿಷ್ ಅಕ್ಷರಗಳು ಅಚ್ಚಿನಲ್ಲೇ ಮೂಡಿರುತ್ತವೆ, ಚಿತ್ತಾರದ ನಡುವೆ ಅಡಗಿರುವುದೂ ಉಂಟು, ಬೆರಳು ಸವರಿ ನೋಡಬೇಕು. ನಿಮ್ಮ ಅಜ್ಜಿ ಮನೆ ಕಪಾಟಿನಲ್ಲಿ ಇಂಥ ಲೋಟ ಇದ್ದರೆ, ಹಳೇ ಸಾಮಾನಿನವರಿಗೆ ಕೊಡುವ ಮೊದಲು ಒಮ್ಮೆ ತಿರುಗಿಸಿ ನೋಡಿ.