ಕೂಟರ್ ಫೆಲ್: 14 ಮೀಟರ್ ಸಾಲದೆ ಹೋದ ಬೆಟ್ಟ

ಎಡಿನ್‌ಬರೋದಿಂದ ಎ702 ರಸ್ತೆಯಲ್ಲಿ ಬಿಗರ್ ಊರು ದಾಟಿದ ಮೇಲೆ ಟಿಂಟೋ ಬೆಟ್ಟ ಕಾಣುತ್ತದೆ. ಎತ್ತರ 711 ಮೀಟರ್. ಬಿಸಿಲಿರುವ ಭಾನುವಾರ ಅದರ ದಾರಿಯುದ್ದಕ್ಕೂ ಜನ. ಎಡಕ್ಕೆ ಕಣಿವೆಯೊಳಗಿರುವ ಕೂಟರ್ ಫೆಲ್ 748 ಮೀಟರ್, ಅಂದರೆ ಟಿಂಟೋಗಿಂತ ಎತ್ತರ. ನಾನು ಹತ್ತಿದ ದಿನ ಅಲ್ಲಿ ಒಬ್ಬರೂ ಎದುರಾಗಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಎಷ್ಟೋ ಚಾರಣಿಗರು ಪಟ್ಟಿ ಹಿಡಿದು ಬೆಟ್ಟ ಹತ್ತುತ್ತಾರೆ. 914 ಮೀಟರ್ ದಾಟಿದ್ದು ಮನ್ರೋ. ಅದರ ಕೆಳಗೆ, 762ರಿಂದ ಮೇಲಿನದು ಕಾರ್ಬೆಟ್. ಕಾರ್ಬೆಟ್ ಆಗಲು ಕೂಟರ್ ಫೆಲ್‌ಗೆ ಇನ್ನೂ 14 ಮೀಟರ್ ಬೇಕು. ಪರ್ಸಿ ಡೊನಾಲ್ಡ್ 1935ರಲ್ಲಿ ಪ್ರಕಟಿಸಿದ, ಸ್ಕಾಟ್ಲೆಂಡಿನ ತಗ್ಗುನಾಡಿನ ಬೆಟ್ಟಗಳ ಪಟ್ಟಿಯಲ್ಲಿ ಇದಕ್ಕೆ ಜಾಗವಿದೆ, ಆದರೆ ಆ ಪಟ್ಟಿಯ ಬೆನ್ನು ಹತ್ತುವವರು ಕಡಿಮೆ. ಹಾಗಾಗಿ ನಿಶ್ಶಬ್ದ ಬೇಕೆನಿಸಿದಾಗ ನಾನು ಹುಡುಕುವುದೇ ಇಂಥ, ಸ್ವಲ್ಪದರಲ್ಲಿ ತಪ್ಪಿಹೋದ ಬೆಟ್ಟಗಳನ್ನು.

ಕೂಟರ್ ಹಳ್ಳಿಯಿಂದ ಹೊಳೆಯ ಜೊತೆ ಹೋಗುವ ಕಿರುದಾರಿಯಲ್ಲಿ, ಬರ್ತ್‌ವುಡ್ ಹತ್ತಿರ ಕಾರು ನಿಲ್ಲಿಸಿ ಹೊರಟೆ. ತೋಟದ ಗೇಟಿಗೆ, ಟ್ರ್ಯಾಕ್ಟರ್ ದಾರಿಗೆ ಅಡ್ಡವಾಗದಂತೆ ನಿಲ್ಲಿಸಬೇಕು. ಲ್ಯಾಂಡ್‌ರೇಂಜರ್ 72ನೇ ನಕ್ಷೆ ಜೊತೆಗಿತ್ತು. ಫೆಲ್ ಶಿನ್ ಎಂಬ ಏಣು ಶುರುವಿನಿಂದಲೇ ಕಡಿದಾಗಿದೆ. ಅಲ್ಲಿ ನಾನು ಹೆಜ್ಜೆ ಚಿಕ್ಕದು ಮಾಡಿ, ನಿಲ್ಲದೆ, ಮಾತಾಡುವಷ್ಟು ಉಸಿರು ಉಳಿಸಿಕೊಂಡು ಏರಿದೆ. ಎರಡೂ ಕಡೆ ಮೊಣಕಾಲೆತ್ತರದ ಹೆದರ್ ಪೊದೆ. ಕಾಲ ಬುಡದಿಂದಲೇ ಗ್ರೌಸ್ ಹಕ್ಕಿಗಳು ಗದ್ದಲ ಮಾಡುತ್ತ ಹಾರುತ್ತವೆ. ಮೊದಲ ಸಲ ಎದೆ ಝಲ್ಲೆನ್ನುತ್ತದೆ. ಏಣು ಮುಗಿದ ಮೇಲೆ ಏರು ಕಡಿಮೆಯಾಗಿ, ಪೀಟ್ ಮಣ್ಣಿನ ಕೆಸರು ಶುರುವಾಗುತ್ತದೆ. ಬೇಸಿಗೆಯಲ್ಲೂ ಗೇಟರ್ (ಬೂಟಿನ ಮೇಲಿಂದ ಕಾಲಿಗೆ ಸುತ್ತುವ ಹೊದಿಕೆ) ಕಟ್ಟಿಕೊಳ್ಳುವುದು ನನಗೆ ಅಭ್ಯಾಸ.

ತುದಿಯಲ್ಲಿ ಒಂದು ಸರ್ವೆ ಕಂಬ, ಪಕ್ಕದಲ್ಲಿ ಬೇಲಿ. ಮಂಜು ಕವಿದರೆ ಈ ಬೇಲಿಯೇ ದಿಕ್ಕು: ಅದನ್ನು ಬಿಡದೆ ದಕ್ಷಿಣಕ್ಕೆ ನಡೆದರೆ ಮಾಸ್ ಲಾ ಎಂಬ ಬೆಟ್ಟ, ಆಮೇಲೆ ಹೋಮ್ ನಿಕ್ ಎಂಬ ತಗ್ಗು. ಅಲ್ಲಿಂದ ಜಲಾಶಯದ ಕಡೆ ಇಳಿದು, ಗಟ್ಟಿ ದಾರಿ ಹಿಡಿದು ಕಾರಿನತ್ತ ಬಂದೆ. ಕಾಲಲ್ಲಿ ಇನ್ನೂ ಕಸುವಿದ್ದವರು ಹೋಮ್ ನಿಕ್‌ನಿಂದ ಗ್ಯಾದರ್‌ಸ್ನೋ ಬೆಟ್ಟಕ್ಕೂ ಹೋಗಬಹುದು.

ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆಯಿಂದಾಗಿ ಇಲ್ಲೆಲ್ಲ ಜವಾಬ್ದಾರಿಯಿಂದ ನಡೆಯುವ ಹಕ್ಕು ಎಲ್ಲರಿಗೂ ಇದೆ. ಗ್ರೌಸ್ ಬೇಟೆಯ ಕಾಲ ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ. ಆಗ ಸೂಚನಾ ಫಲಕ ಕಂಡರೆ ನಿಂತು ಓದಿ. ವಸಂತದಲ್ಲಿ ಕುರಿಗಳು ಮರಿ ಹಾಕುತ್ತವೆ, ನಾಯಿ ಇದ್ದರೆ ಹಗ್ಗ ಬಿಡಬೇಡಿ. ಮನೆಗೆ ಬಂದ ತಕ್ಷಣ ಮೊಣಕಾಲ ಹಿಂದೆ, ಸೊಂಟದ ಸುತ್ತ ಉಣ್ಣಿ ಹುಳ ಕಚ್ಚಿದೆಯೇ ನೋಡಿಕೊಳ್ಳಿ.