ನ್ಯೂಯಾರ್ಕ್ ಸಬ್‌ವೇಯಲ್ಲಿ ಸ್ಟೇಷನ್ ಏಜೆಂಟ್ ಆಗಿದ್ದು: ನನ್ನ ಅನುಭವ

ಸಬ್‌ವೇಯಲ್ಲಿ, ಅಂದರೆ ನ್ಯೂಯಾರ್ಕಿನ ಮೆಟ್ರೋ ರೈಲಿನಲ್ಲಿ, ಸ್ಟೇಷನ್ ಏಜೆಂಟ್ ಕೆಲಸ ಸಿಕ್ಕಿತು ಅಂದಾಗ ಊರಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಟಿಕೆಟ್ ಕೊಡೋ ಕೆಲಸಾನಾ?"

ಅಲ್ಲ. ಟಿಕೆಟ್ ನಾವು ಕೊಡುವುದೇ ಇಲ್ಲ. ಕೋವಿಡ್ ಶುರುವಾದಾಗ, 2020ರ ಮಾರ್ಚ್‌ನಲ್ಲಿ, ಬೂತ್‌ಗಳಲ್ಲಿ ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಅದು ಮತ್ತೆ ಶುರುವಾಗಲಿಲ್ಲ. 2023ರಲ್ಲಿ ಏಜೆಂಟರನ್ನು ಬೂತಿನಿಂದ ಹೊರಗೆ ಕರೆತಂದರು. ದಪ್ಪ ಗಾಜಿನ ಬೂತು ಈಗಲೂ ಇದೆ. ಫೋನು, ಕಾಗದಪತ್ರ ಎಲ್ಲ ಅದರೊಳಗೇ. ಆದರೆ ಪಾಳಿಯಲ್ಲಿ ಸಾಕಷ್ಟು ಹೊತ್ತು ನಾವು ನಿಂತಿರುವುದು ಟರ್ನ್‌ಸ್ಟೈಲ್ (ಒಳಗೆ ಬಿಡುವ ತಿರುಗು ಗೇಟು) ಹತ್ತಿರ, ಟಿಕೆಟ್ ಮೆಷಿನ್ ಹತ್ತಿರ.

"ಹಾಗಾದ್ರೆ ಮಾಡೋದೇನು?" ಅಂತ ಅಮ್ಮ ಕೇಳಿದರು. ಜನಕ್ಕೆ ದಾರಿ ಹೇಳೋದು ಅಂದೆ. "ಅದಕ್ಕೂ ಸಂಬಳ ಕೊಡ್ತಾರಾ!" ಅಂದರು. ಕೊಡುತ್ತಾರೆ. ಅದಕ್ಕೊಂದು ತರಬೇತಿಯೂ ಇದೆ. ಆ ತರಬೇತಿಯ ಬಗ್ಗೆಯೇ ಬರೆಯುತ್ತಿದ್ದೇನೆ, ಯಾಕಂದ್ರೆ ಇಲ್ಲಿರುವ ನಮ್ಮವರು ಕೆಲವರು ಈ ಕೆಲಸಕ್ಕೆ ಸೇರುವುದು ಹೇಗೆ ಅಂತ ಕೇಳುತ್ತಿರುತ್ತಾರೆ.

ನಾನಿರುವುದು ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ. ಇದಕ್ಕೆ ಮೊದಲು ದಿನಸಿ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಪರೀಕ್ಷೆ ಬರೆದು, ಪಟ್ಟಿಯಲ್ಲಿ ನಂಬರ್ ಬಂದು, ಆ ನಂಬರ್ ಪ್ರಕಾರ ಕರೆ ಬರುವಷ್ಟರಲ್ಲಿ ನಾನು ಅರ್ಜಿ ಹಾಕಿದ್ದನ್ನೇ ಮನೆಯವರು ಮರೆತಿದ್ದರು. ವೈದ್ಯಕೀಯ ತಪಾಸಣೆ, ಮಾದಕ ವಸ್ತು ಪರೀಕ್ಷೆ, ದಾಖಲೆ ಪರಿಶೀಲನೆ ಮುಗಿದ ಮೇಲೆ ಕ್ಲಾಸು.

ಕ್ಲಾಸಿನಲ್ಲಿ ಮೊದಲು ಹೆದರಿಸುತ್ತಾರೆ. ಹೆದರಿಸಲೇಬೇಕು. ಹಳಿಯ ಪಕ್ಕದ ಮೂರನೇ ಕಂಬಿಯಲ್ಲಿ ಸುಮಾರು 600 ವೋಲ್ಟ್ ಕರೆಂಟ್ ಹರಿಯುತ್ತದೆ. ಯಾರದಾದರೂ ಫೋನು ಹಳಿಗೆ ಬಿದ್ದರೆ ಅವರು ಇಳಿಯಬಾರದು, ನಾವೂ ಇಳಿಯಬಾರದು. ಫೋನ್ ಮಾಡಿ ತಿಳಿಸಬೇಕು, ಅದಕ್ಕಂತ ಇರುವವರು ಬಂದು ತೆಗೆದುಕೊಡುತ್ತಾರೆ. ಕೇಳಲು ಸುಲಭ. ಆದರೆ ಫೋನ್ ಕಳೆದುಕೊಂಡವರು ಎದುರಿಗೆ ನಿಂತು ಒದ್ದಾಡುವಾಗ "ಕಾಯಿರಿ" ಅಂತ ಹೇಳಿ ಅವರನ್ನು ಪ್ಲಾಟ್‌ಫಾರ್ಮ್ ಅಂಚಿನಿಂದ ಹಿಂದಕ್ಕೆ ಕರೆಯುವುದಿದೆಯಲ್ಲ, ಅದಕ್ಕೆ ಗಂಟಲು ಗಟ್ಟಿ ಬೇಕು. ಟರ್ನ್‌ಸ್ಟೈಲ್ ಹಾರಿ ಹೋಗುವವರ ವಿಷಯವೂ ಹಾಗೇ. ಅಡ್ಡ ಹೋಗಿ ಹಿಡಿಯುವುದು ನಮ್ಮ ಕೆಲಸ ಅಲ್ಲ.

ಆಮೇಲೆ ನಕ್ಷೆ. 472 ಸ್ಟೇಷನ್. ಇಷ್ಟನ್ನೂ ಬಾಯಿಪಾಠ ಮಾಡಲು ಹೊರಟವರು ಬೇಗ ಸುಸ್ತಾದರು. ನಾನು ಮಾಡಿದ್ದು ಬೇರೆ. ಪ್ರತಿ ರೈಲಿನ ಎರಡು ಕೊನೆಯ ಸ್ಟೇಷನ್ ಮತ್ತು ರೈಲು ಬದಲಿಸುವ ಜಾಗಗಳು, ಇಷ್ಟನ್ನೇ ಕಲಿತೆ. ಪ್ಲಾಟ್‌ಫಾರ್ಮ್ ಬೋರ್ಡಿನಲ್ಲಿ ಕಾಣುವುದು ಕೊನೆಯ ಸ್ಟೇಷನ್ ಹೆಸರು ತಾನೆ. ಮಧ್ಯದ್ದೆಲ್ಲ ನೋಡಿ ಹೇಳಿದರೂ ನಡೆಯುತ್ತದೆ.

ಬಣ್ಣ ನಂಬಬಾರದು ಅನ್ನೋದು ಅಲ್ಲಿ ಕಲಿತ ಇನ್ನೊಂದು ವಿಷಯ. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ನೇರಳೆ ಮಾರ್ಗ, ಹಸಿರು ಮಾರ್ಗ ಅಂದರೆ ಸಾಕು, ದಾರಿ ಗೊತ್ತಾಗುತ್ತದೆ. ಇಲ್ಲಿ ಬಣ್ಣ ಹೇಳುವುದು ಹೆಚ್ಚಾಗಿ ರೈಲು ಮ್ಯಾನ್‌ಹಟನ್‌ನಲ್ಲಿ ಯಾವ ರಸ್ತೆ ಕೆಳಗೆ ಓಡುತ್ತದೆ ಅನ್ನೋದನ್ನು ಮಾತ್ರ. 4, 5, 6 ಮೂರೂ ಹಸಿರು, ಮೂರೂ ಲೆಕ್ಸಿಂಗ್ಟನ್ ಅವೆನ್ಯೂ ಕೆಳಗಿನವು. ಬ್ರಾಂಕ್ಸ್‌ಗೆ ಹೋದ ಮೇಲೆ 4 ವುಡ್‌ಲಾನ್ ಕಡೆ, 5 ಡೈರ್ ಅವೆನ್ಯೂ ಕಡೆ, 6 ಪೆಲಮ್ ಬೇ ಪಾರ್ಕ್ ಕಡೆ. "ಹಸಿರು ರೈಲು ಹತ್ತಿ" ಅಂತ ಹೇಳಿದರೆ ಪಾಪ, ಅವರು ಎಲ್ಲಿ ಹೋಗಿ ಇಳಿಯುತ್ತಾರೋ. ನಂಬರ್ ಹೇಳಬೇಕು, ಅಕ್ಷರ ಹೇಳಬೇಕು, ಯಾವ ಕಡೆಗೆ ಅಂತ ಹೇಳಬೇಕು.

ನಂಬರ್ ರೈಲು, ಅಕ್ಷರದ ರೈಲು ಅಂತ ಎರಡು ಬಗೆ ಇರುವುದಕ್ಕೂ ಕಾರಣವಿದೆ. 1904ರ ಅಕ್ಟೋಬರ್ 27ರಂದು ಶುರುವಾದ ಮೊದಲ ಸಬ್‌ವೇಯನ್ನು ನಡೆಸುತ್ತಿದ್ದದ್ದು ಐಆರ್‌ಟಿ ಅನ್ನುವ ಖಾಸಗಿ ಕಂಪನಿ. ಅದರ ಸುರಂಗಗಳು ಕಿರಿದು, ಬೋಗಿಗಳೂ ಕಿರಿದು. ಈಗಿನ ನಂಬರ್ ರೈಲುಗಳು ಆ ವಂಶದವು. ಅಕ್ಷರದ ರೈಲುಗಳ ಬೋಗಿ ಅಗಲ, ಅವು ಆ ಸುರಂಗದಲ್ಲಿ ಹಿಡಿಸುವುದಿಲ್ಲ. 1940ರಲ್ಲಿ ಎಲ್ಲವೂ ನಗರದ ಕೈಗೆ ಬಂದರೂ ವಯಸ್ಸಾದ ಪ್ರಯಾಣಿಕರು ಇನ್ನೂ "ಐಆರ್‌ಟಿ ಎಲ್ಲಿ ಸಿಗುತ್ತೆ?" ಅಂತಲೇ ಕೇಳುತ್ತಾರೆ. ನಂಬರ್ ರೈಲು ಅಂತ ಅರ್ಥ ಮಾಡಿಕೊಳ್ಳಬೇಕು.

ನಿಜವಾದ ಕಷ್ಟ ರಾತ್ರಿಯದು. ಈ ಊರಿನ ರೈಲು ರಾತ್ರಿಯಿಡೀ ಓಡುತ್ತದೆ, ಆದರೆ ಹಗಲಿನ ಹಾಗೆ ಓಡುವುದಿಲ್ಲ. ಸಿ ರೈಲು ರಾತ್ರಿ ಇಲ್ಲ, ಅದರ ಬದಲು ಎ ರೈಲೇ ಲೋಕಲ್ ಆಗಿ ಎಲ್ಲ ಕಡೆ ನಿಲ್ಲುತ್ತದೆ. ಬಿ ರೈಲು ರಾತ್ರಿಯೂ ಇಲ್ಲ, ಶನಿವಾರ ಭಾನುವಾರವೂ ಇಲ್ಲ. ಹಗಲು ಎಕ್ಸ್‌ಪ್ರೆಸ್ ಆಗಿ ಹಾರಿ ಹೋಗುವ ಇ ರೈಲು ರಾತ್ರಿ ಕ್ವೀನ್ಸ್‌ನಲ್ಲಿ ಪ್ರತಿ ಸ್ಟೇಷನ್‌ನಲ್ಲೂ ನಿಲ್ಲುತ್ತದೆ. ಇದಕ್ಕೆ ವಾರಾಂತ್ಯದ ಹಳಿ ಕೆಲಸ ಸೇರಿಸಿ. ಯಾವುದೋ ರೈಲು ಬೇರೆಯದರ ಹಳಿಯ ಮೇಲೆ ಓಡುತ್ತದೆ, ಯಾವುದೋ ಅರ್ಧಕ್ಕೇ ನಿಂತು ಮುಂದಕ್ಕೆ ಬಸ್ಸು. ಹಾಗಾಗಿ ನಾನು ರಾತ್ರಿಯ ನಕ್ಷೆಯನ್ನು ಬೇರೆಯೇ ಒಂದು ಊರಿನ ನಕ್ಷೆ ಅಂತ ಅಂದುಕೊಂಡು ಓದಿದೆ. ಹೊಸಬರಿಗೆ ಮೊದಲು ಸಿಗುವುದೇ ರಾತ್ರಿ ಪಾಳಿ. ಹಗಲಿನದನ್ನು ಆಮೇಲೆ ಕಲಿತರೂ ನಡೆಯುತ್ತದೆ ಅಂತ ನನ್ನ ಅಭಿಪ್ರಾಯ.

ಇನ್ನು ಚಾರ್ಜಿನ ವಿಷಯ. ನಾನು ಕಲಿಯುವಾಗ ಒಂದು ಸಲಕ್ಕೆ 2.90 ಡಾಲರ್. ಟರ್ನ್‌ಸ್ಟೈಲ್‌ನ ಸೀಳಿನಲ್ಲಿ ಎಳೆಯುವ ಮೆಟ್ರೊಕಾರ್ಡ್ ಇನ್ನೂ ಇತ್ತು. ಅದನ್ನು ಎಳೆಯುವುದೇ ಒಂದು ವಿದ್ಯೆ. ಹೆಸರು ಬರೆದ ಬದಿ ನಮ್ಮ ಕಡೆ, ಕಪ್ಪು ಪಟ್ಟಿ ಕೆಳಗೆ, ತಡೆಯದೆ ಒಂದೇ ವೇಗದಲ್ಲಿ ಎಳೆಯಬೇಕು. ನಿಧಾನ ಆದರೂ ತೆಗೆದುಕೊಳ್ಳುವುದಿಲ್ಲ, ಜೋರಾದರೂ ತೆಗೆದುಕೊಳ್ಳುವುದಿಲ್ಲ. "ಇದೇ ಟರ್ನ್‌ಸ್ಟೈಲ್‌ನಲ್ಲಿ ಮತ್ತೆ ಎಳೆಯಿರಿ" ಅಂತ ಬಂದರೆ ಪಕ್ಕದ್ದಕ್ಕೆ ಓಡಬಾರದು. ಅನ್‌ಲಿಮಿಟೆಡ್ ಕಾರ್ಡ್ ಆದರೆ ಒಮ್ಮೆ ಬಳಸಿದ ಮೇಲೆ ಅದೇ ಸ್ಟೇಷನ್ನಿನಲ್ಲಿ 18 ನಿಮಿಷ ಕೆಲಸ ಮಾಡುವುದಿಲ್ಲ. ಈ ವಿದ್ಯೆಯೆಲ್ಲ ಈಗ ಹಳೆಯದಾಯಿತು. 2025ರ ಡಿಸೆಂಬರ್ 31ಕ್ಕೆ ಮೆಟ್ರೊಕಾರ್ಡ್ ಮಾರಾಟ ಮುಗಿಯಿತು. 2026ರ ಜನವರಿಯಿಂದ ಚಾರ್ಜು 3 ಡಾಲರ್.

ಈಗಿನದು ಓಮ್ನಿ. ಬ್ಯಾಂಕ್ ಕಾರ್ಡನ್ನೋ ಫೋನನ್ನೋ ತೋರಿಸಿದರೆ ಗೇಟು ಬಿಡುತ್ತದೆ. ಏಳು ದಿನದಲ್ಲಿ ಇಷ್ಟು ಅಂತ ಖರ್ಚಾದ ಮೇಲೆ ಉಳಿದ ಪ್ರಯಾಣ ಪುಕ್ಕಟೆ. ನಾನು ಕಲಿತಾಗ ಲೆಕ್ಕ ಸುಲಭ ಇತ್ತು, 12 ಸಲ ದುಡ್ಡು, ಆಮೇಲೆ ಫ್ರೀ. ಜನ ಎಡವುವುದು ಒಂದೇ ಕಡೆ. ಬೆಳಿಗ್ಗೆ ಪರ್ಸಿನಿಂದ ಕಾರ್ಡ್ ತೆಗೆದು ತೋರಿಸುತ್ತಾರೆ, ಸಂಜೆ ಅದೇ ಕಾರ್ಡ್ ಇರುವ ಫೋನ್ ತೋರಿಸುತ್ತಾರೆ. ಬ್ಯಾಂಕಿಗೆ ಎರಡೂ ಒಂದೇ. ಓಮ್ನಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಇಬ್ಬರ ಲೆಕ್ಕವೂ ಅರ್ಧಂಬರ್ಧ, ಪುಕ್ಕಟೆ ಪ್ರಯಾಣ ಯಾರಿಗೂ ಸಿಗುವುದಿಲ್ಲ. "ಫೋನಾದರೆ ಫೋನು, ಕಾರ್ಡಾದರೆ ಕಾರ್ಡು, ಒಂದನ್ನೇ ಹಿಡಿದುಕೊಳ್ಳಿ" ಅನ್ನುವ ಮಾತನ್ನು ನಾನು ನಿದ್ದೆಯಲ್ಲೂ ಹೇಳುತ್ತೇನೆ ಅಂತ ಮನೆಯವರ ದೂರು.

ಮಕ್ಕಳ ನಿಯಮ ನನಗೆ ಇಷ್ಟ. ವಯಸ್ಸು ಕೇಳುವ ಹಾಗೇ ಇಲ್ಲ. 44 ಇಂಚಿಗಿಂತ ಕುಳ್ಳಗಿರುವ ಮಕ್ಕಳು, ದುಡ್ಡು ಕೊಟ್ಟ ದೊಡ್ಡವರೊಬ್ಬರ ಜೊತೆ ಮೂವರ ತನಕ, ಉಚಿತ. ನಮ್ಮ ಬಸ್ಸುಗಳಲ್ಲಿ ಕಂಡಕ್ಟರ್ "ಎಷ್ಟು ವರ್ಷ?" ಅಂದ ತಕ್ಷಣ ಮಗುವಿನ ವಯಸ್ಸು ಕಮ್ಮಿಯಾಗುತ್ತಿತ್ತಲ್ಲ, ಇಲ್ಲಿ ಮಕ್ಕಳ ಮೊಣಕಾಲು ಬಗ್ಗುತ್ತದೆ.

ಕ್ಲಾಸ್ ಮುಗಿದ ಮೇಲೆ ಸ್ಟೇಷನ್ನಿನಲ್ಲಿ ಹಳೆಯ ಏಜೆಂಟರ ಜೊತೆ ಬಿಡುತ್ತಾರೆ. ನನಗೆ ಸಿಕ್ಕವರು ಗಯಾನಾ ಮೂಲದ ಹಿರಿಯ ಹೆಂಗಸು. ಬೂತಿಗೆ ಹೋಗುವ ಮೊದಲು ಇಡೀ ಸ್ಟೇಷನ್ ಒಂದು ಸುತ್ತು ಹಾಕಿಸಿದರು. ಯಾವ ಮೆಟ್ಟಿಲು ಎಲ್ಲಿಗೆ ಏರುತ್ತದೆ, ಲಿಫ್ಟ್ ಓಡುತ್ತಿದೆಯಾ, ಎಸ್ಕಲೇಟರ್ ಓಡುತ್ತಿದೆಯಾ, ಯಾವ ಟಿಕೆಟ್ ಮೆಷಿನ್ ನೋಟು ನುಂಗುತ್ತಿಲ್ಲ, ಎಲ್ಲಿ ನೆಲ ಒದ್ದೆ. ರಸ್ತೆಯ ಮೇಲೂ ಕರೆದುಕೊಂಡು ಹೋದರು. ಪ್ರವೇಶದ್ವಾರದ ಕಂಬದ ಮೇಲೆ ಗುಂಡನೆಯ ದೀಪ ಇರುತ್ತದೆ. ಹಸಿರಾದರೆ ಆ ಬಾಗಿಲು ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ. ಕೆಂಪಾದರೆ ಕೆಲವು ಹೊತ್ತು ಮಾತ್ರ, ಅಥವಾ ಬರೀ ಹೊರಗೆ ಬರಲು. ಇಷ್ಟು ವರ್ಷ ಇದೇ ಊರಿನಲ್ಲಿದ್ದು ನಾನು ಅದನ್ನು ಅಲಂಕಾರದ ದೀಪ ಅಂದುಕೊಂಡಿದ್ದೆ. ಪ್ಲಾಟ್‌ಫಾರ್ಮ್ ಮೇಲಿನ ನೀಲಿ ದೀಪದ ಹೆಲ್ಪ್ ಪಾಯಿಂಟ್ ತೋರಿಸಿದರು. ಕೆಂಪು ಗುಂಡಿ ತುರ್ತಿಗೆ, ಹಸಿರು ಗುಂಡಿ ಮಾಹಿತಿಗೆ.

ಜಾಕ್ಸನ್ ಹೈಟ್ಸ್‌ನ ರೂಸ್‌ವೆಲ್ಟ್ ಅವೆನ್ಯೂ ಸ್ಟೇಷನ್ ನೋಡಿದವರಿಗೆ ಗೊತ್ತು, ಅದು ಸಂತೆ. ಮೇಲೆ ಕಂಬಗಳ ಮೇಲೆ 7 ನಂಬರ್ ರೈಲು, ಕೆಳಗೆ ಸುರಂಗದಲ್ಲಿ ಇ, ಎಫ್, ಎಂ, ಆರ್, ಹೊರಗೆ ಬಸ್ಸುಗಳು. ಅಲ್ಲಿ ಒಬ್ಬ ಹುಡುಗ ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬಂದ. "ಏರ್‌ಪೋರ್ಟ್ ರೈಲು ಯಾವುದು?" ನನಗೆ ಉತ್ತರ ಬಾಯಿ ತುದಿಯಲ್ಲೇ ಇತ್ತು: ಇ ರೈಲು ಹಿಡಿದು ಸಟ್ಫಿನ್ ಬುಲೆವಾರ್ಡ್, ಅಲ್ಲಿಂದ ಏರ್‌ಟ್ರೈನ್. ನಾನು ಬಾಯಿ ತೆರೆಯುವ ಮೊದಲೇ ಹಿರಿಯಮ್ಮ ಕೈ ಅಡ್ಡ ಹಿಡಿದು ಅವನನ್ನು ಕೇಳಿದರು, "ಯಾವ ಏರ್‌ಪೋರ್ಟ್ ಮಗಾ?"

ಅವನು ಫೋನ್ ತೆಗೆದು ತೋರಿಸಿದ. ಲಾಗ್ವಾರ್ಡಿಯಾ. ಅದಕ್ಕೆ ರೈಲೇ ಬೇಡ. ಮೇಲೆ ಹೋದರೆ ಕ್ಯೂ70 ಬಸ್ಸು, ಅದೂ ಪುಕ್ಕಟೆ. ಜೆಎಫ್‌ಕೆ ಆಗಿದ್ದರೆ ಜಮೈಕಾ ಕಡೆಯ ಇ. ನ್ಯೂವಾರ್ಕ್ ಆಗಿದ್ದರೆ ಅದೇ ಇ, ಆದರೆ ಎದುರು ದಿಕ್ಕಿನದು, ಪೆನ್ ಸ್ಟೇಷನ್‌ಗೆ ಹೋಗಿ ನ್ಯೂಜೆರ್ಸಿಯ ರೈಲು. ಪ್ರಶ್ನೆ ಒಂದೇ, ಉತ್ತರ ಮೂರು.

ಅವನು ಹೋದ ಮೇಲೆ ಅವರು ಹೇಳಿದ್ದು, "ಯಾವ ರೈಲು ಅಂತ ಕೇಳಿದರೆ ರೈಲು ಹೇಳಬೇಡ. ಎಲ್ಲಿಗೆ ಅಂತ ಕೇಳು." ನನ್ನ ತರಬೇತಿಯ ಮುಕ್ಕಾಲು ಪಾಲು ಈ ಮಾತಿನಲ್ಲೇ ಇದೆ ಅಂತ ಈಗ ಅನ್ನಿಸುತ್ತದೆ. "86ನೇ ಬೀದಿ" ಅಂತ ಹೆಸರಿರುವ ಸ್ಟೇಷನ್ ಮ್ಯಾನ್‌ಹಟನ್‌ನಲ್ಲೇ ನಾಲ್ಕಿವೆ, ಬ್ರೂಕ್ಲಿನ್‌ನಲ್ಲಿ ಇನ್ನೆರಡು. ಬೀದಿ ಕೇಳಿ ಉತ್ತರ ಕೊಟ್ಟರೆ ಆಯಿತು ಅವರ ಕಥೆ. ಆಸ್ಪತ್ರೆಗಾ, ಮ್ಯೂಸಿಯಂಗಾ, ನೆಂಟರ ಮನೆಗಾ ಅಂತ ಗೊತ್ತಾಗಬೇಕು. ಇನ್ನೊಂದು ಮಾತನ್ನೂ ಅವರೇ ಕಲಿಸಿದರು. ಪೂರ್ತಿ ದಾರಿ ಒಂದೇ ಸಲಕ್ಕೆ ಹೇಳಬಾರದು. ಯಾವ ಮೆಟ್ಟಿಲು, ಯಾವ ರೈಲು, ಎಲ್ಲಿ ಇಳಿಯಬೇಕು, ಇಷ್ಟೇ. ಮುಂದಿನದನ್ನು ಅಲ್ಲಿಯವರನ್ನು ಕೇಳುತ್ತಾರೆ.

ಆದರೆ ನಮ್ಮವರಲ್ಲಿ ಒಂದು ತೊಡಕಿದೆ. ಹೊರಟವರನ್ನು "ಎಲ್ಲಿಗೆ" ಅಂತ ಕೇಳಬಾರದು ಅಂತ ಬೆಳೆಸಿದ ಜನ ನಾವು. ಒಂದು ಭಾನುವಾರ ಟಿಕೆಟ್ ಮೆಷಿನ್ ಮುಂದೆ ಅಜ್ಜ ಅಜ್ಜಿ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಮಕ್ಕಳನ್ನು ನೋಡಲು ಬಂದವರಿರಬೇಕು. ನಾನು ಹೋಗಿ, "ಎಲ್ಲಿಗೆ ಹೋಗ್ಬೇಕು ಸಾರ್?" ಅಂದೆ.

ಅಜ್ಜನಿಗೆ ಕನ್ನಡ ಕೇಳಿ ಖುಷಿಯಾಯಿತು, ಪ್ರಶ್ನೆ ಕೇಳಿ ಸಿಟ್ಟೂ ಬಂತು. "ಅಲ್ಲಮ್ಮಾ, ಹೊರಟಿರೋರನ್ನ ಎಲ್ಲಿಗೆ ಅಂತ ಕೇಳ್ತಾರೇನಮ್ಮಾ? ದೂರ ಹೊರಟ್ರಾ ಅನ್ನಬಾರ್ದಾ?"

"ಸುಮ್ನಿರ್ರೀ, ಅದು ಅವಳ ಕೆಲ್ಸ" ಅಂದರು ಅಜ್ಜಿ. "ಫ್ಲಶಿಂಗ್ ಗಣೇಶನ ಗುಡಿಗೆ ಕಣಮ್ಮಾ."

7 ನಂಬರ್ ರೈಲು, ಮೇಲಿನ ಪ್ಲಾಟ್‌ಫಾರ್ಮ್, ಕೊನೆಯ ಸ್ಟೇಷನ್ ಮೇನ್ ಸ್ಟ್ರೀಟ್. ಕೊನೆಯ ಸ್ಟೇಷನ್ ಆದ್ದರಿಂದ ಇಳಿಯುವುದು ತಪ್ಪಿಹೋಗುವ ಭಯ ಇಲ್ಲ. ಗುಡಿ ಇರುವುದು ಬೌನ್ ಸ್ಟ್ರೀಟ್‌ನಲ್ಲಿ. ಕೆಳಗಿನ ಕ್ಯಾಂಟೀನಿನ ದೋಸೆ ಬಗ್ಗೆಯೂ ಹೇಳಿದೆ. ಅದು ತರಬೇತಿಯಲ್ಲಿ ಇರಲಿಲ್ಲ.

ಭಾಷೆಯ ಬಗ್ಗೆ ಹೆದರುವವರಿಗೆ ಒಂದು ಮಾತು. ಉಚ್ಚಾರಣೆ ಅಮೆರಿಕದವರ ಹಾಗೇ ಇರಬೇಕಿಲ್ಲ, ಈ ಊರಿನಲ್ಲಿ ಯಾರದೂ ಹಾಗಿಲ್ಲ. ಆದರೆ ಸ್ಟೇಷನ್ ಹೆಸರುಗಳನ್ನು ಇಲ್ಲಿಯವರು ಹೇಳುವ ಹಾಗೆ ಹೇಳಬೇಕು. ಟೆಕ್ಸಸ್‌ನ ಊರು ಹ್ಯೂಸ್ಟನ್, ಇಲ್ಲಿಯ ಬೀದಿ ಹೌಸ್ಟನ್. ನಾನು ರೈಲಿನಲ್ಲಿ ಓಡಾಡುವಾಗ ಘೋಷಣೆ ಕೇಳಿ ಅದರ ಹಿಂದೆಯೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ. ಪಕ್ಕದವರು ಎದ್ದು ಹೋದದ್ದೂ ಉಂಟು.

ಮೊದಲ ಒಂದು ವರ್ಷ ಪ್ರೊಬೇಷನ್. ಆ ವರ್ಷ ಹೊತ್ತಿಗೆ ಸರಿಯಾಗಿ ಹಾಜರಿರುವುದಕ್ಕಿಂತ ದೊಡ್ಡದು ಬೇರೇನಿಲ್ಲ. ನಮ್ಮ ಯೂನಿಯನ್ ಟಿಡಬ್ಲ್ಯುಯು ಲೋಕಲ್ 100. ಪಾಳಿ, ಸ್ಟೇಷನ್, ವಾರದ ರಜೆ, ಎಲ್ಲವನ್ನೂ ಸೀನಿಯಾರಿಟಿ ಪ್ರಕಾರ ಆರಿಸಿಕೊಳ್ಳುತ್ತಾರೆ. ಇದಕ್ಕೆ ಪಿಕ್ ಅನ್ನುತ್ತಾರೆ. ಹೊಸಬರ ಸರದಿ ಬರುವಾಗ ಉಳಿದಿರುವುದು ಮಂಗಳವಾರ ಬುಧವಾರದ ರಜೆ, ಮಧ್ಯರಾತ್ರಿಯ ಪಾಳಿ. ಯುಗಾದಿ, ದೀಪಾವಳಿಗೆ ಮನೆಯಲ್ಲಿರುವ ಆಸೆ ಕೆಲವು ವರ್ಷ ಬಿಡಬೇಕು. ಪುಟ್ಟ ಮಕ್ಕಳಿರುವವರು ಇದನ್ನು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಜನವರಿಯಲ್ಲಿ ಎತ್ತರದ ಸ್ಟೇಷನ್ನಿನಲ್ಲಿ ಗಾಳಿ ಕೆಳಗಿನಿಂದಲೂ ಬರುತ್ತದೆ, ಹಾಗಾಗಿ ಶೂಗೆ ಮಾತ್ರ ಜಿಪುಣತನ ಮಾಡಬೇಡಿ.

ಸೇರಬೇಕು ಅನ್ನುವವರಿಗೆ: ಪರೀಕ್ಷೆಗೆ ಅರ್ಜಿ ಯಾವಾಗಲೂ ತೆರೆದಿರುವುದಿಲ್ಲ. ಸಬ್‌ವೇ ನಡೆಸುವ ಸಂಸ್ಥೆಯಾದ ಎಂಟಿಎಯ ನೇಮಕಾತಿ ಪ್ರಕಟಣೆಗಳನ್ನು ಆಗಾಗ ನೋಡುತ್ತಿರಬೇಕು, ತೆರೆದಾಗ ಕೊನೆಯ ದಿನದವರೆಗೆ ಕಾಯಬಾರದು. ಅಂಗಡಿ, ಬ್ಯಾಂಕು, ಹೋಟೆಲ್, ಎಲ್ಲೇ ಜನರ ಜೊತೆ ವ್ಯವಹರಿಸಿ ಕೆಲಸ ಮಾಡಿದ್ದರೂ ಅಲ್ಲಿಯ ಪತ್ರ, ಸಂಬಳದ ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ. ನಾನು ಕೆಲಸ ಮಾಡಿದ ಅಂಗಡಿ ಅಷ್ಟರಲ್ಲಿ ಮುಚ್ಚಿಹೋಗಿತ್ತು, ಹಳೆಯ ಸಂಬಳದ ಚೀಟಿಗಳೇ ನನ್ನನ್ನು ಕಾಪಾಡಿದ್ದು. ಪಟ್ಟಿಯಲ್ಲಿ ನಂಬರ್ ಬಂದ ಮೇಲೆ ಮನೆ ಬದಲಿಸಿದರೆ ಹೊಸ ವಿಳಾಸ ತಿಳಿಸಿ. ಅಲ್ಲಿಯ ತನಕ ಇರುವ ಕೆಲಸ ಬಿಡಬೇಡಿ.