ಜಠರದ ಆರಂಭಿಕ ಗಡ್ಡೆ ಮತ್ತು ಮಂಪರಿನ ಆಯ್ಕೆ: ಅರಿವಳಿಕೆ ತಜ್ಞೆಯಾಗಿ ನನ್ನ ಅನುಭವ

ಜಠರದ ಕ್ಯಾನ್ಸರ್ ಒಳಪದರ ದಾಟುವ ಮುನ್ನವೇ ಪತ್ತೆಯಾದರೆ, ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಿಂದಲೇ ಆ ಭಾಗವನ್ನು ಅಡಿಯಿಂದ ಬಿಡಿಸಿ ಇಡಿಯಾಗಿ ತೆಗೆಯಬಹುದು. 1990ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ಈ ಚಿಕಿತ್ಸೆಗೆ ಇಎಸ್‌ಡಿ (ಎಂಡೋಸ್ಕೋಪಿಕ್ ಸಬ್‌ಮ್ಯೂಕೋಸಲ್ ಡಿಸೆಕ್ಷನ್) ಎನ್ನುತ್ತಾರೆ. ಸಾಧಾರಣ ಎಂಡೋಸ್ಕೋಪಿ ಕೆಲವು ನಿಮಿಷಗಳಲ್ಲಿ ಮುಗಿದರೆ ಇದಕ್ಕೆ ಒಂದೆರಡು ಗಂಟೆ ಬೇಕಾಗುತ್ತದೆ. ಅಷ್ಟೂ ಹೊತ್ತು ರೋಗಿ ಕೆಮ್ಮಬಾರದು, ಓಕರಿಸಬಾರದು, ಏಕೆಂದರೆ ಆ ಕ್ಷಣದಲ್ಲಿ ಚಾಕು ಜಠರದ ಗೋಡೆಯನ್ನೇ ತೂತು ಮಾಡಬಹುದು.

ಇದಕ್ಕಾಗಿ ಮಂಪರು ತರಿಸುವ ಮಿಡಜೋಲಾಮ್ ಜೊತೆಗೆ ನೋವು ತಗ್ಗಿಸುವ ಫೆಂಟನಿಲ್ ಕೊಡುವುದು ಹಳೆಯ ರೂಢಿ. ಚಿಕ್ಕ ಗಡ್ಡೆಗೆ ಇದು ಸಾಕಾಗುತ್ತದೆ. ಆದರೆ ಸಮಯ ಕಳೆದಂತೆ ಡೋಸ್ ಮೇಲೆ ಡೋಸ್ ಕೊಡಬೇಕಾಗಿ, ವಯಸ್ಸಾದವರಲ್ಲಿ ಔಷಧ ಮೈಯಲ್ಲಿ ಉಳಿದುಬಿಡುತ್ತದೆ. ಮದ್ಯಪಾನದ ಅಭ್ಯಾಸವಿರುವ ಕೆಲವರು ಶಾಂತರಾಗುವ ಬದಲು ಕೆರಳುತ್ತಾರೆ. ಮಿಡಜೋಲಾಮ್‌ಗೆ ಪ್ರತ್ಯೌಷಧವಾಗಿ ಫ್ಲೂಮಜೆನಿಲ್ ಇದೆಯೆಂಬ ಧೈರ್ಯವೂ ಪೂರ್ಣವಲ್ಲ, ಏಕೆಂದರೆ ಅದರ ಪ್ರಭಾವ ಮಿಡಜೋಲಾಮ್‌ಗಿಂತ ಮೊದಲೇ ಇಳಿದು, ಎಚ್ಚರಗೊಂಡ ರೋಗಿ ವಾರ್ಡಿನಲ್ಲಿ ಮತ್ತೆ ಮಂಪರಿಗೆ ಜಾರಬಹುದು.

ಆದ್ದರಿಂದ ಹೆಚ್ಚಿನವರಿಗೆ ನಾನು ಪ್ರೊಪೋಫಾಲ್ ಎಂಬ ಅರಿವಳಿಕೆ ಔಷಧವನ್ನು ಪಂಪಿನ ಮೂಲಕ ರಕ್ತನಾಳಕ್ಕೆ ನಿರಂತರವಾಗಿ ಹರಿಸುತ್ತೇನೆ. ಬಿಟ್ಟುಬಿಟ್ಟು ಕೊಡುವ ಡೋಸ್‌ಗಳಲ್ಲಿ ಮಂಪರಿನ ಆಳ ಏರಿಳಿಯುತ್ತದೆ. ಪಂಪಿನಲ್ಲಿ ಅದು ಸಮನಾಗಿರುತ್ತದೆ, ಕತ್ತರಿಸುವವರ ಕೈಗೆ ಬೇಕಾದದ್ದೂ ಅದೇ. ಆದರೆ ಪ್ರೊಪೋಫಾಲ್‌ಗೆ ಪ್ರತ್ಯೌಷಧವಿಲ್ಲ, ಮಂಪರು ತುಸು ಆಳವಾದರೂ ಉಸಿರು ನಿಲ್ಲಬಹುದು. ಮೂಗಿನಿಂದ ಆಮ್ಲಜನಕ ಕೊಡುತ್ತಿರುವಾಗ ಬೆರಳಿನ ಆಕ್ಸಿಮೀಟರ್ ಈ ಅಪಾಯವನ್ನು ತಡವಾಗಿ ತೋರಿಸುತ್ತದೆ. ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್‌ನ ಅಲೆ ಚಪ್ಪಟೆಯಾದರೆ ಕೂಡಲೇ ತಿಳಿಯುತ್ತದೆ. ಅದಿಲ್ಲದ ಕೋಣೆಯಲ್ಲಿ ನಾನು ಪ್ರೊಪೋಫಾಲ್ ಮುಟ್ಟುವುದಿಲ್ಲ.

ಶ್ವಾಸಕೋಶದ ಕಾಯಿಲೆಯಿರುವವರಿಗೆ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಇನ್ನೊಂದು ಮಂಪರಿನ ಔಷಧ ಸೇರಿಸಿ ಪ್ರೊಪೋಫಾಲ್ ಪ್ರಮಾಣ ತಗ್ಗಿಸುತ್ತೇನೆ. ಅದು ಉಸಿರನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ, ಆದರೆ ನಾಡಿ ಮತ್ತು ರಕ್ತದೊತ್ತಡವನ್ನು ಇಳಿಸುತ್ತದೆ. ಮೊದಲ ಡೋಸನ್ನು ಹತ್ತು ನಿಮಿಷದಲ್ಲಿ ನಿಧಾನವಾಗಿ ಕೊಡಬೇಕು; ಈಗಾಗಲೇ ನಾಡಿ ನಿಧಾನವಿರುವ ಹೃದ್ರೋಗಿಗೆ ಇದನ್ನು ಆರಿಸುವುದಿಲ್ಲ.

ಗಡ್ಡೆ ಜಠರದ ಮೇಲ್ಭಾಗದಲ್ಲಿದ್ದರೆ, ದೊಡ್ಡದಿದ್ದರೆ, ರಕ್ತಸ್ರಾವದ ನಿರೀಕ್ಷೆಯಿದ್ದರೆ, ಅಥವಾ ರೋಗಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯಿದ್ದರೆ ನಾನು ಮೊದಲೇ ಶ್ವಾಸನಾಳಕ್ಕೆ ಕೊಳವೆ ಹಾಕಿ ಪೂರ್ಣ ಅರಿವಳಿಕೆ ಕೊಡುತ್ತೇನೆ. ತೊಳೆದ ನೀರು, ರಕ್ತ ಗಂಟಲಿಗೆ ಮರಳಿ ಶ್ವಾಸಕೋಶ ಸೇರದಂತೆ ಕಾಯುವುದಕ್ಕೆ ಇದಕ್ಕಿಂತ ಭದ್ರವಾದ ದಾರಿಯಿಲ್ಲ. ನಡುವೆ ಕಷ್ಟ ಬಂದಾಗ, ಎಡಮಗ್ಗುಲಲ್ಲಿ ಮಲಗಿರುವ, ಬಾಯಲ್ಲಿ ಎಂಡೋಸ್ಕೋಪ್ ಇರುವ ರೋಗಿಗೆ ಕೊಳವೆ ಹಾಕುವುದು ಬಹಳ ಕಠಿಣ. ಹೀಗಾಗಿ ಗಡ್ಡೆಯ ಸ್ಥಾನ, ಗಾತ್ರ, ತಗಲುವ ಸಮಯವನ್ನು ಎಂಡೋಸ್ಕೋಪಿ ಮಾಡುವ ವೈದ್ಯರಿಂದ ಹಿಂದಿನ ದಿನವೇ ಕೇಳಿಕೊಳ್ಳುತ್ತೇನೆ.

ಬೇಗ ಎಚ್ಚರವಾಗುವುದಕ್ಕೂ ಬೆಲೆಯಿದೆ. ಹೊಟ್ಟೆನೋವು ಹೆಚ್ಚುತ್ತಿದೆಯೇ ಎಂದು ರೋಗಿಯೇ ಹೇಳಬಲ್ಲವರಾದರೆ, ಜಠರದಲ್ಲಿ ತೂತಾಗಿದೆಯೇ ಎಂಬ ಸಂಶಯ ಬೇಗ ಮೂಡುತ್ತದೆ, ಕ್ಷ-ಕಿರಣ ಅಥವಾ ಸಿಟಿ ಪರೀಕ್ಷೆಗೆ ತಡವಾಗುವುದಿಲ್ಲ.